ಅಕ್ಷರದ ಹೊಸ್ತಿಲಲ್ಲಿ ಮುಂಬಯಿಯ ಕನ್ನಡ ಮಗು

ಮುಂಬಯಿಯ ಕನ್ನಡ ಮನೆಗಳಲ್ಲಿ ಬೆಳೆಯುವ ಎಷ್ಟೋ ಮಕ್ಕಳಿಗೆ ಕನ್ನಡ ಕಿವಿಯ ಭಾಷೆಯಾಗಿಯೇ ಉಳಿದಿದೆ, ಕಣ್ಣಿನ ಭಾಷೆಯಾಗಿಲ್ಲ. ನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಿದ್ದರೂ ಅನೇಕ ಮಕ್ಕಳ ಓದು ಇಂಗ್ಲಿಷಿನಲ್ಲಿ. ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿದ 2020ರ ಕಾಯಿದೆಯ ತರುವಾಯ ದೇವನಾಗರಿಯ ಕಲಿಕೆಯೂ ಅನಿವಾರ್ಯ. ಕನ್ನಡ ಲಿಪಿಯ ಸರದಿ ಬಂದರೆ ಕೊನೆಗೆ. ಹೀಗೆ ಬಂದ ಮಗುವನ್ನು ಏನೂ ಅರಿಯದುದೆಂದು ಭಾವಿಸಿ ಅ, ಆ ತಿದ್ದಿಸತೊಡಗುವ ಬೋಧನಾಕ್ರಮ ಪುನರ್ವಿಮರ್ಶೆಗೆ ಒಳಗಾಗಬೇಕು.

ದೇವನಾಗರಿ ಬಲ್ಲ ಮಗುವಿಗೆ ವರ್ಣಮಾಲೆಯ ಕ್ರಮ ಆಗಲೇ ಕರಗತ. ಕವರ್ಗದಿಂದ ಪವರ್ಗದವರೆಗಿನ 25 ವ್ಯಂಜನಗಳ ಅನುಕ್ರಮ ಎರಡರಲ್ಲೂ ಒಂದೇ. ವ್ಯಂಜನಕ್ಕೆ ಸ್ವರಚಿಹ್ನೆ ಸೇರಿ ಗುಣಿತಾಕ್ಷರವಾಗುವ ತತ್ತ್ವವೂ ಒಂದೇ. ಹೊಸದಾಗಿ ಕಲಿಯಬೇಕಾದುದು ಅಕ್ಷರಗಳ ಆಕಾರವನ್ನು, ಮತ್ತು ಲಿಪಿಗಳೆರಡೂ ಬೇರೆಯಾಗುವ ಕೆಲವು ಎಡೆಗಳನ್ನು.

ಮೊದಲನೆಯದು ಎ-ಏ, ಒ-ಓಗಳ ಭೇದ. ಮರಾಠಿ ಬರೆಹದಲ್ಲಿ ಈ ಹ್ರಸ್ವ-ದೀರ್ಘಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಮಗು 'ಬೇಳೆ'ಯನ್ನು 'ಬೆಳೆ' ಎಂದು, 'ಕೋಡು' ಎಂಬುದನ್ನು 'ಕೊಡು' ಎಂದು ಬರೆದರೆ ಅದನ್ನು ಅಲಕ್ಷ್ಯವೆನ್ನಲಾಗದು. ಮೊದಲು ಕಲಿತ ಲಿಪಿಯ ತರ್ಕ ಅಲ್ಲಿದೆ. ಎರಡನೆಯದು ಒತ್ತಕ್ಷರ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ; ಕನ್ನಡದಲ್ಲಿ ಮೊದಲನೆಯದು ಪೂರ್ಣವಾಗಿ ನಿಂತು ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ. 'ಭಕ್ತಿ' ಎಂಬಲ್ಲಿ ಇಕಾರ ಕೇಳಿಸುವುದು ತಕಾರದ ಬಳಿಕ, ಕಾಣಿಸುವುದು ಕಕಾರದ ಮೇಲೆ. ಇದನ್ನು ಬಿಡಿಸಿ ಹೇಳದೆ ಕೆಂಪು ಶಾಯಿಯ ಗೆರೆ ಎಳೆದರೆ ಮಗುವಿಗೆ ತಪ್ಪು ತಿಳಿದೀತು, ಕಾರಣ ತಿಳಿಯದು.

ವಾಡಿಕೆಯ ಪಾಠಕ್ರಮದಲ್ಲಿ ಒತ್ತಕ್ಷರ ಬರುವುದು ಕಾಗುಣಿತ ಮುಗಿದ ಮೇಲೆ. ಆದರೆ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಎಂಬ ಮನೆಯ ಮಾತುಗಳೆಲ್ಲ ಒತ್ತಕ್ಷರದವೇ. ಮನೆಯವರನ್ನು ಕರೆಯುವ ಪದವನ್ನೇ ತಿಂಗಳುಗಟ್ಟಲೆ ಬರೆಯಗೊಡದ ಲಿಪಿ ತನ್ನದೆಂದು ಮಗುವಿಗೆ ಅನ್ನಿಸುವುದು ಹೇಗೆ? ಸರಳದಿಂದ ಕಠಿಣಕ್ಕೆ ಸಾಗಬೇಕೆಂಬ ವಾದ ಸರಿಯೇ. ಆದರೆ ಮಗುವಿಗೆ ಸರಳವಾದುದು ಪರಿಚಿತ ಪದವೇ ಹೊರತು ಅರ್ಥವಿಲ್ಲದ ಬಿಡಿ ಅಕ್ಷರವಲ್ಲ. ಹೊರನಾಡಿನ ಪಾಠ ಈ ಐದು ಪದಗಳಿಂದಲೇ ಆರಂಭವಾಗುವುದು ಉಚಿತ.

ಆಡುಮಾತಾಗಿ ಭಾಷೆ ಇನ್ನೊಂದು ತಲೆಮಾರು ಉಳಿದೀತು. ಓದು-ಬರೆಹವಿಲ್ಲದೆ ಅದರ ಸಾಹಿತ್ಯ ಆ ತಲೆಮಾರನ್ನು ತಲುಪದು. ಹೊರನಾಡಿನ ಕನ್ನಡ ವಿಭಾಗಗಳು ಈ ಮಕ್ಕಳ ಬರೆಹದ ತಪ್ಪುಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ದೇವನಾಗರಿಯಿಂದ ಕನ್ನಡಕ್ಕೆ ಕರೆದೊಯ್ಯುವ ಚಿಕ್ಕ ಪಾಠಪುಸ್ತಕವೊಂದನ್ನು ಸಿದ್ಧಪಡಿಸಿದರೆ ಅದು ಸಂಶೋಧನೆಯೂ ಆದೀತು, ಸೇವೆಯೂ ಆದೀತು. ನಾಳೆ ಈ ವಿಭಾಗಗಳಿಗೆ ವಿದ್ಯಾರ್ಥಿಗಳಾಗಿ ಬರಬೇಕಾದವರು ಇಂದು ಅಕ್ಷರದ ಹೊಸ್ತಿಲಲ್ಲಿ ನಿಂತಿರುವ ಈ ಮಕ್ಕಳೇ.