ಯಜಮಾನರಿಲ್ಲದ ರೋಗ

ಸೋಮವಾರ ಮಹಾಗಾಂವ ಕ್ರಾಸಿನಲ್ಲಿ ಬಸ್ಸು ಹತ್ತಿ ಕಲಬುರಗಿಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಆಧಾರ್ ತೋರಿಸಿದ್ದಕ್ಕೆ ಟಿಕೆಟ್ ಪುಕ್ಕಟೆ. ಸಿಟ್ಟು ಮಾತ್ರ ಕೈಯಿಂದ ಹಾಕಿಕೊಂಡು ಬಂದದ್ದು.

ಮೂರು ವಾರದಿಂದ ಉರಿಮೂತ್ರ. ವಯಸ್ಸು ಅರವತ್ತೊಂದು. ಒಳಗೆ ಒಂದೇ ಟೇಬಲ್ಲು, ಎದುರುಬದುರು ಇಬ್ಬರು ಡಾಕ್ಟರು, ನನ್ನ ಬೆನ್ನಿಗೆ ಅಂಟಿಕೊಂಡ ಹಾಗೆ ಏಳೆಂಟು ಜನರ ಪಾಳಿ. ಅದರಲ್ಲೊಬ್ಬ ನನ್ನ ಹಳೆಯ ಶಿಷ್ಯ, "ನಮಸ್ಕಾರ್ರಿ ಟೀಚರ್" ಅಂತ ಕೈ ಮುಗಿದ. ಹುಡುಗ ಡಾಕ್ಟರು ಚೀಟಿಯಿಂದ ತಲೆ ಎತ್ತದೆ ಕೇಳಿದರು: "ಯಜಮಾನ್ರು?"

"ತೀರಿಕೊಂಡಾರ್ರಿ. ಏಳು ವರ್ಷಾತು."

"ಓ" ಅಂದರು. ಏನೋ ಗೀಚಿ, ಮಾತ್ರೆ ಬರೆದು, "ನೀರು ಜಾಸ್ತಿ ಕುಡೀರಿ" ಅಂದರು. ಮುಗಿಯಿತು. ನನ್ನ ಲೈಂಗಿಕ ಜೀವನದ ಬಗ್ಗೆ ಬರಬೇಕಿದ್ದ ಪ್ರಶ್ನೆಗಳೆಲ್ಲ ಗಂಡನ ಜೊತೆಗೇ ಮಣ್ಣಾಗಿದ್ದವು.

ಕೇಳಿದ್ದರೆ ಉತ್ತರ ಏನಿರುತ್ತಿತ್ತು ಅಂತ ನಿಮಗೂ ಹೇಳುವುದಿಲ್ಲ, ಆ ಆಸೆ ಬಿಡಿ. ಮುಟ್ಟು ನಿಂತ ಮೇಲೆ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಅದರಿಂದಲೂ ಉರಿ. ಮೂತ್ರದ ಸೋಂಕಿನಿಂದಲೂ ಉರಿ. ಕೂಡುವುದರಿಂದ ಹತ್ತಿದ ಸೋಂಕಿದ್ದರೂ ಉರಿ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವ ಉರಿ ಅಂತ ಗೊತ್ತಾಗುವುದು ಕೇಳಿದರೆ, ನೋಡಿದರೆ, ತಪಾಸಣೆ ಮಾಡಿಸಿದರೆ. ಇವರು ಕೇಳಿದ್ದು ಗಂಡನನ್ನು.

ಹೆಂಗಸರಿಗೆ "ಮದುವಿ ಆಗ್ಯದೇನು?", ಗಂಡಸರಿಗೆ "ಕೆಟ್ಟ ಚಟ ಅದಾವೇನು?" ನಮ್ಮ ಓಪಿಡಿಯ ಪ್ರಶ್ನೆಪತ್ರಿಕೆ ಇಷ್ಟೇ. ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವಳು ನಾನು, ಉತ್ತರವನ್ನು ತಾನೇ ಹೇಳಿಕೊಡುವ ಪ್ರಶ್ನೆ ಯಾವುದೆಂದು ನನಗೆ ಗೊತ್ತು. ಕಮಲಾಪುರ ಸೀಮೆಯ ಗಂಡಸರು ಗೌಂಡಿ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ. ಅಂಥವನನ್ನು ಹೆಂಡತಿಯ ಮುಂದೆ ನಿಲ್ಲಿಸಿ "ಚಟ ಅದಾವೇನು" ಅಂದರೆ "ಇಲ್ರಿ ಸಾಹೇಬ್ರ" ಅನ್ನದೆ ಇನ್ನೇನು ಅಂದಾನು? ಗಂಡಸರ ಜೊತೆಗೇ ಸಂಬಂಧ ಇರುವವನಿಗೆ "ಹೆಂಗಸರ ಸಹವಾಸ ಅದ ಏನು" ಅಂತ ಕೇಳಿ ನೋಡಿ. ಆತ ಸುಳ್ಳಾಡದೆಯೇ "ಇಲ್ಲ" ಅನ್ನುತ್ತಾನೆ, ಚೀಟಿ ಮಾತ್ರ ಸುಳ್ಳಾಗುತ್ತದೆ. ಜೋಗಪ್ಪನೊಬ್ಬ ಬಂದು ಕೂತರೆ ಗಂಡು-ಹೆಣ್ಣಿನ ಕಾಲಮ್ಮಿನ ಹತ್ತಿರವೇ ಪೆನ್ನು ನಿಲ್ಲುತ್ತದೆ, ಪಾಳಿ ಪೂರಾ ಆ ಕಡೆ ತಿರುಗುತ್ತದೆ.

ಕಾನೂನೇ ಇವರಿಗಿಂತ ಮುಂದಿದೆ. ಗರ್ಭಪಾತದ ಕಾಯ್ದೆ 2021ರಲ್ಲಿ "ವಿವಾಹಿತೆ, ಆಕೆಯ ಗಂಡ" ಎಂಬುದನ್ನು ತೆಗೆದು "ಮಹಿಳೆ, ಆಕೆಯ ಸಂಗಾತಿ" ಅಂತ ಮಾಡಿಕೊಂಡಿತು. ಮದುವೆಯಾಗದವಳಿಗೂ ಅದೇ ಹಕ್ಕು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ, ಒಪ್ಪಿಗೆಯಿಲ್ಲದೆ ರೋಗಿಯ ಗುಟ್ಟು ಹೊರಗೆ ಹೋಗಕೂಡದು. ಡಾಕ್ಟರಿಕೆ ಕಲಿಸುವವರ ಕಥೆಯೋ! 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಲಿಂಗ ಸಂಬಂಧವನ್ನು ಮತ್ತೆ ಅಪರಾಧದ ಪಾಠಕ್ಕೆ ಸೇರಿಸಿ, ಗದ್ದಲ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡದ್ದು ನೆನಪಿದೆಯಲ್ಲ.

ಬೋರ್ಡುಗಳಿಗೇನೂ ಬರವಿಲ್ಲ. ಹರೆಯದವರಿಗೆ "ಸ್ನೇಹ ಕ್ಲಿನಿಕ್", ಲೈಂಗಿಕ ಸೋಂಕಿಗೆ "ಸುರಕ್ಷಾ ಕ್ಲಿನಿಕ್". ಅಲ್ಲಿ ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಅಂತ ಏಳು ಬಣ್ಣದ ಮಾತ್ರೆ ಕಿಟ್ಟುಗಳಿವೆ, ಲಕ್ಷಣಕ್ಕೊಂದು ಬಣ್ಣ. ಬಣ್ಣ ಸರಿಯಾಗಿಯೇ ಸಿಕ್ಕಿತು ಅನ್ನಿ, ಜೊತೆಗಾರರಿಗೂ ಮದ್ದು ಹೋಗದಿದ್ದರೆ ಸೋಂಕು ತಿರುಗಿ ಮನೆಗೇ ಬರುತ್ತದೆ. ಜೊತೆಗಾರರು ಯಾರು ಅಂತ ಕೇಳಬೇಕಲ್ಲ?

ಈಗ ನನ್ನ ಹಳೆಯ ರಾಗ. ಓದುಗರು ಬೈಯಲಿ, ನಾನು ಕನ್ನಡ ಟೀಚರು. ಕೇಳಬಾರದು ಅಂತಲ್ಲ, ಇವರಿಗೆ ಕೇಳಲು ಕನ್ನಡವೇ ಇಲ್ಲ. ಇಂಗ್ಲಿಷಿನಲ್ಲಿ ಕಲಿತರು, ಮನೆಯಲ್ಲಿ ಈ ಮಾತು ಆಡಿದವರಲ್ಲ, ಶಾಲೆಯಲ್ಲಿ ನಾವು ಆಡಿಸಲಿಲ್ಲ. ನನ್ನ ಜೊತೆಯ ವಿಜ್ಞಾನದ ಮಾಸ್ತರರು ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠ ಬಂದ ದಿನ ತಪ್ಪದೆ "ಮನ್ಯಾಗ ಓದಿಕೊಳ್ರಿ" ಅನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡು ಸುಮ್ಮನಿದ್ದವಳು ನಾನೇ. ನಮ್ಮ ಹೆಣ್ಣುಮಕ್ಕಳಿಗೆ ಮಾತಿನ ಕೊರತೆಯಿಲ್ಲ: ಬಿಳಿ ಹೋಗೋದು, ಹೊರಗಾಗೋದು, ಕೂಡೋದು, ಗರ್ಮಿ. ಡಾಕ್ಟರು ಇವನ್ನು ಕೇಳಿ ಮುಗುಳ್ನಗುತ್ತಾರೆ, ಇಲ್ಲವೇ ಮುಖ ಕೆಂಪಾಗಿಸಿಕೊಳ್ಳುತ್ತಾರೆ. ಸರ್ಕಾರ 1968ರಿಂದ ನಿರೋಧ್ ಹಂಚುತ್ತಿದೆ, ಅದರ ಹೆಸರು ತೆಗೆಯಲು ಇನ್ನೂ ದನಿ ಸಣ್ಣದಾಗುತ್ತದೆ. ಅನುಪಮಾ ನಿರಂಜನ ಸ್ವತಃ ಡಾಕ್ಟರಾಗಿ ಇದಕ್ಕೆಲ್ಲ ಕನ್ನಡ ಹುಡುಕಿ ಪುಸ್ತಕ ಬರೆದರು. (ಹೆಸರು "ದಾಂಪತ್ಯ ದೀಪಿಕೆ". ಅಲ್ಲೂ ದಾಂಪತ್ಯವೇ, ಇರಲಿ.)

"ರಶ್ ಇರ್ತದ ಮೇಡಂ, ಟೈಮೆಲ್ಲಿ ಅದ?" ಅನ್ನುತ್ತಾರೆ. ರಶ್ಶಿನಲ್ಲೂ ಯಜಮಾನರನ್ನು ಕೇಳಲು ಟೈಮ್ ಸಿಕ್ಕಿತಲ್ಲ. ಜೊತೆಗೆ ಬಂದವರನ್ನು ಒಂದು ಗಳಿಗೆ ಆಚೆ ಕಳಿಸಿ, ಹೀಗೆ ಕೇಳಿ: "ಇದು ಎಲ್ಲರಿಗೂ ಕೇಳೋ ಮಾತು, ಬ್ಯಾಡ ಅನ್ನಿಸಿದ್ರ ಹೇಳಬ್ಯಾಡ್ರಿ. ಈಗ ಯಾರ ಜೊತಿಗಾದ್ರೂ ಕೂಡ್ತೀರೇನ್ರಿ? ಗಂಡಸರೋ, ಹೆಂಗಸರೋ, ಇಬ್ಬರೂನೋ? ನಿರೋಧ್ ಹಾಕ್ತಾರೇನು? ಮೊದಲು ಹಿಂಗ ಆಗಿತ್ತೇನು? ಯಾರರ ಒತ್ತಾಯ ಮಾಡ್ತಾರೇನು?" ನಾನು ಗಡಿಯಾರ ಹಿಡಿದು ಓದಿ ನೋಡಿದೆ. ಅರ್ಧ ನಿಮಿಷ ಸಾಕು.

ವಾಪಸ್ ಬರುವಾಗ ಹೆದ್ದಾರಿಯ ಬದಿಯಲ್ಲಿ ಜಡಿಬೂಟಿಯವನ ಡೇರೆ ಇತ್ತು. ಗೋಡೆಗಳ ಮೇಲೆ "ಗುಪ್ತ ರೋಗ" ಅಂತ ದೊಡ್ಡ ಅಕ್ಷರದಲ್ಲಿ ಬರೆಸುತ್ತಾರಲ್ಲ, ಆ ಪೈಕಿ. ಗಾಜಿನ ಬಾಟಲಿಗಳಲ್ಲಿ ಬೇರು, ತೊಗಟೆ, ಏನೋ ಕರಿ ಪುಡಿ. ಶುದ್ಧ ಮೋಸ, ಯಾರೂ ಹೋಗಬೇಡಿ. ಬಸ್ಸಿಗೆ ಕಾಯುತ್ತ ಬಾಟಲಿ ನೋಡುತ್ತ ನಿಂತವಳನ್ನು ಕಂಡು ಆತ ದನಿ ತಗ್ಗಿಸಿದ: "ಏನ್ ತ್ರಾಸ ಅದ ಅಕ್ಕಾರ? ನಾಚಕೋಬ್ಯಾಡ್ರಿ. ಒಳಗ ಬರ್ರಿ, ಪರದೆ ಅದ."

ಯಜಮಾನರ ಸುದ್ದಿ ಆತ ತೆಗೆಯಲಿಲ್ಲ.