ಅಪ್ಪನ ಕಾಲಿಗೆ ಹೊಂದುವ ಗಾಡಿ

"ಇಂಜಿನ್ ಎಷ್ಟು ಎಚ್‌ಪಿ?"

ಫೋನಿನಲ್ಲಿ ಟ್ರೆಡ್‌ಮಿಲ್ ಫೋಟೊ ತೋರಿಸಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ರಿಟೈರ್ ಆದವನು ಇನ್ನೇನು ಕೇಳ್ತಾನೆ? ನನ್ನ ಕಣ್ಣು ಬೇರೆ ಕಡೆ ಇತ್ತು. 21,999 ರೂಪಾಯಿ, ಒಂಬತ್ತು ಕಂತು, ಬ್ಲೂಟೂತ್ ಸ್ಪೀಕರು, ಹನ್ನೆರಡು ಪ್ರೋಗ್ರಾಮು. ಬೋನಸ್ ದುಡ್ಡು ಹದಿನೈದು ಸಾವಿರ ಕೈಲಿತ್ತು, ಉಳಿದದ್ದು ಕಂತಿನಲ್ಲಿ ಹೋಗುತ್ತೆ ಅಂತ ಲೆಕ್ಕ ಹಾಕಿಯಾಗಿತ್ತು.

ಅಪ್ಪನ ಎಚ್‌ಬಿಎ1ಸಿ 8.9 ಬಂದಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಪರೀಕ್ಷೆ ಅದು, ಹಿಂದಿನ ದಿನ ಉಪವಾಸ ಮಾಡಿ ಯಾಮಾರಿಸೋಕಾಗಲ್ಲ. ಡಾಕ್ಟರು ದಿನಾ ಅರ್ಧ ಗಂಟೆ ನಡೀರಿ ಅಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದೇ: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ. ಅಪ್ಪ ಹತ್ತು ದಿನ ನಡೆದ, ಹನ್ನೊಂದನೇ ದಿನ ನಿಲ್ಲಿಸಿದ. ಕೇಳಿದರೆ ದಿನಕ್ಕೊಂದು ನೆಪ. ನಮ್ಮ ಹಿರೇಹಳ್ಳಿ ನೋಡಿದವರಿಗೆ ಆ ನೆಪಗಳು ಸುಳ್ಳು ಅನ್ನಿಸಲ್ಲ. ಒಂದು ಕಡೆ ಹೆದ್ದಾರಿ 48, ಇನ್ನೊಂದು ಕಡೆ ಇಂಡಸ್ಟ್ರಿಯಲ್ ಏರಿಯಾಕ್ಕೆ ನುಗ್ಗುವ ಲಾರಿಗಳು, ಕತ್ತಲಾದರೆ ನಾಯಿಗಳು. ತೋಟಗಾರಿಕೆ ಕೇಂದ್ರದ ಕಡೆ ಮರಗಿಡ ಚೆನ್ನಾಗಿದೆ ಹೋಗು ಅಂದರೆ, "ಹಲಸಿನ ಹಣ್ಣಿನ ಕಾಲದಲ್ಲಿ ನೋಡಾನ" ಅನ್ನೋನು. ಸಕ್ಕರೆ ಕಾಯಿಲೆಯವನ ಮಾತು ಇದು! ಸೋಮಾರಿ ಅಂತ ನಾನೇ ಎರಡು ಸಲ ಬೈದೆ. ಆ ಮಾತು ಈಗಲೂ ಚುಚ್ಚುತ್ತೆ.

ಎಚ್‌ಪಿ ಪ್ರಶ್ನೆಗೆ ಉತ್ತರ ಹುಡುಕಲು ಕೂತೆ. ಜಾಹೀರಾತಿನಲ್ಲಿ "4 ಎಚ್‌ಪಿ" ಅಂತ ದೊಡ್ಡಕ್ಕೆ ಬರೆದು, ಪಕ್ಕದಲ್ಲಿ ಇರುವೆಯಷ್ಟು ಸಣ್ಣಕ್ಕೆ "ಪೀಕ್" ಅಂತ ಬರೆದಿರ್ತಾರೆ. ಪೀಕ್ ಅಂದರೆ ಮೋಟಾರು ಒಂದು ಕ್ಷಣ ತೋರಿಸಬಲ್ಲ ಶಕ್ತಿ. ಅರ್ಧ ಗಂಟೆ ಒಂದೇ ಸಮ ಎಳೆಯುವ ಶಕ್ತಿಗೆ ಕಂಟಿನ್ಯುಯಸ್ ಎಚ್‌ಪಿ ಅಂತಾರೆ, ನೋಡಬೇಕಾದ್ದು ಅದನ್ನು. ಅಪ್ಪನಿಗೆ ಹೇಳಿದರೆ, "ಅದೇ ಕಣವ್ವ, ಸ್ಟ್ಯಾಂಡಿಂದ ಎತ್ತೋದು ಯಾವ ಗಾಡಿಯಾದ್ರೂ ಎತ್ತುತ್ತೆ, ಘಾಟಿ ಪೂರ್ತಿ ಎಳೀಬೇಕು" ಅಂದ. ನಿಧಾನಕ್ಕೆ ನಡೆಯೋರಿಗೆ ಸಣ್ಣ ಮೋಟಾರು ಸಾಕು ಅಂತ ನಾನು ತಿಳಿದಿದ್ದೆ. ಅದೂ ತಪ್ಪು. ಅಪ್ಪ 84 ಕೆ.ಜಿ. ಅಷ್ಟು ಭಾರ ಬೆಲ್ಟನ್ನು ಹಲಗೆಗೆ ಒತ್ತಿ ಹಿಡಿದಾಗ, ಕಡಿಮೆ ವೇಗದಲ್ಲೇ ಮೋಟಾರು ಹೆಚ್ಚು ಬಿಸಿಯಾಗುತ್ತೆ. ನಿಧಾನಕ್ಕೆ ತಿರುಗುವಾಗ ಅದರ ಫ್ಯಾನು ಕೂಡ ನಿಧಾನಕ್ಕೇ ತಿರುಗೋದಲ್ವಾ?

ಕಡಿಮೆ ದುಡ್ಡಿನಲ್ಲಿ ಒಳ್ಳೇ ಮೋಟಾರು ಬೇಕು ಅಂದರೆ ಸೆಕೆಂಡ್ ಹ್ಯಾಂಡೇ ಗತಿ. ತುಮಕೂರಿನಲ್ಲಿ ಪರಿಚಯದವರ ಪರಿಚಯದವರ ಮನೆಯಲ್ಲಿ ಒಂದಿತ್ತು, ಒಂಬತ್ತು ಸಾವಿರಕ್ಕೆ ಕೊಡ್ತೀವಿ ಅಂದರು. ಭಾನುವಾರ ಹೋದೆವು. ಅದರ ಹಿಡಿಗಳ ಮೇಲೆ ಎರಡು ಸೀರೆ, ಒಂದು ಟವೆಲ್ಲು ಒಣಗ್ತಿದ್ದವು. ಮನೆಯೊಡತಿ ನಾಚಿಕೊಂಡು ತೆಗೆದರು. ನಾವೂ ಕಮ್ಮಿಯವರಲ್ಲ. ಹೊಟ್ಟೆ ಕರಗಿಸುವ ನಡುಗುವ ಬೆಲ್ಟೊಂದು ನಮ್ಮ ಅಟ್ಟದ ಮೇಲೆ ನಾಲ್ಕು ವರ್ಷದಿಂದ ಕೂತಿದೆ, ತಂದವಳು ನಾನೇ.

ಅಪ್ಪ ಬಾಗಿ ನೋಡಿದ, ಮೂಸಿ ನೋಡಿದ, ಬೆಲ್ಟಿನಡಿ ಬೆರಳಿಟ್ಟು ಎಣ್ಣೆ ಪಸೆ ಇದೆಯಾ ಅಂತ ಮುಟ್ಟಿ ನೋಡಿದ. ಒಣಕಲು. ಅಲ್ಲಿಗೆ ಸಿಲಿಕೋನ್ ಎಣ್ಣೆ ಆಗಾಗ ಬಿಡ್ತಿರಬೇಕು. ಬಿಡದಿದ್ದರೆ ಬೆಲ್ಟು ಜಗ್ಗುತ್ತೆ, ಆ ಹೊರೆ ಮೋಟಾರಿಗೆ, ಮೋಟಾರಿನಿಂದ ಕಂಟ್ರೋಲ್ ಬೋರ್ಡಿಗೆ. "ಬೋರ್ಡು ಹೋದ್ರೆ ಸ್ಪೇರ್ ಸಿಗ್ತದಾ?" ಅಂತ ಕೇಳಿದ. ಅವರಿಗೆ ಗೊತ್ತಿರಲಿಲ್ಲ. ಆದರೂ ಬಂದಿದ್ದೀವಲ್ಲ, ಒಂದು ಸಲ ಹತ್ತು ಅಂದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟಿದ್ದ, ಬರಿಗಾಲಲ್ಲಿ ಹತ್ತಿದ. ಎರಡೂ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ತಲೆ ಎತ್ತದೆ ಪಾದವನ್ನೇ ನೋಡ್ತಾ ಐದು ನಿಮಿಷ ನಡೆದ. ಇಳಿದು ನಾಲ್ಕು ಹೆಜ್ಜೆ ಹೋದ ಮೇಲೆ ಬಿಳಿ ಟೈಲ್ಸಿನ ಮೇಲೆ ರಕ್ತದ ಗುರುತು ಕಂಡಿತು.

"ಅಯ್ಯೋ, ಯಾರಿಗೆ ಗಾಯ ಆಯ್ತು?" ಅಂದ ಅಪ್ಪ.

ಅವನದೇ ಕಾಲು. ಬಲಗಾಲಿನ ಕಿರುಬೆರಳು ಬೆಲ್ಟಿನ ಅಂಚಿಗೆ ಉಜ್ಜಿ ಚರ್ಮ ಕಿತ್ತಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಮಾರನೇ ದಿನ ಡಾಕ್ಟರು ತೆಳುವಾದ ನೈಲಾನ್ ಎಳೆಯಿಂದ ಪಾದದ ಅಲ್ಲಲ್ಲಿ ಮುಟ್ಟಿ, "ಮುಟ್ಟಿದಾಗ ಹೇಳಿ" ಅಂದರು. ಕಣ್ಣು ಮುಚ್ಚಿಕೊಂಡಿದ್ದ ಅಪ್ಪ ಎಷ್ಟೋ ಸಲ ಹೇಳಲೇ ಇಲ್ಲ. ಟ್ಯೂನಿಂಗ್ ಫೋರ್ಕ್ ಬಡಿದು ಹೆಬ್ಬೆರಳಿನ ಮೂಳೆಗೆ ಇಟ್ಟಾಗಲೂ ಅದರ ನಡುಕ ಅವನಿಗೆ ಸರಿಯಾಗಿ ತಿಳಿಯಲಿಲ್ಲ. ಸಕ್ಕರೆ ಬಹಳ ಕಾಲ ಏರಿದ್ದರೆ ಪಾದದ ನರಗಳು ಹೀಗೆ ಮಂಕಾಗುತ್ತವಂತೆ. ನೆಲ ಸರಿಯಾಗಿ ತಿಳಿಯದ್ದರಿಂದ ಆಯ ತಪ್ಪಿ ಬೀಳುವ ಭಯವೂ ಉಂಟು. ಬರುವಾಗ ಆಟೋದಲ್ಲಿ ಅಪ್ಪ ನಿಧಾನಕ್ಕೆ ಬಾಯಿಬಿಟ್ಟ. "ಜೋಮು ಹಿಡ್ದಂಗೆ ಇರ್ತಿತ್ತು ಕಣವ್ವ. ಸರ್ವೀಸ್ ರೋಡಲ್ಲಿ ಒಂದಿನ ಚಪ್ಪಲಿ ಕಳಚಿ ಹಿಂದೆ ಬಿದ್ದೈತೆ, ನಾನು ಹಂಗೇ ಹೋಗ್ತಾ ಇದೀನಿ. ಟೀ ಅಂಗಡಿ ಹುಡುಗರು ಕೂಗಿ ನಕ್ಕರು. ಆಮೇಲೆ ಹೋಗ್ಲಿಲ್ಲ." ಕ್ಲಚ್ಚಿನ ಅರ್ಧ ಇಂಚಿನ ವ್ಯತ್ಯಾಸ ತಿಳಿಯುತ್ತಿದ್ದ ಕಾಲು ಅದು. ನಾನು ಸೋಮಾರಿ ಅಂದಿದ್ದೆ.

ಹಾಗಾಗಿ ಟ್ರೆಡ್‌ಮಿಲ್ ಮಾತು ಅಲ್ಲಿಗೆ ಮುಗೀತು, ಅದು ಎಷ್ಟೇ ಎಚ್‌ಪಿಯದ್ದಾಗಿರಲಿ. ಕಾಲಡಿಯ ನೆಲವೇ ಓಡುವ ಯಂತ್ರ ಇಂಥವರಿಗಲ್ಲ. ಗಾಯ ಮಾಯೋವರೆಗೆ ಕಾದು, ಆಮೇಲೆ ಕೂತು ತುಳಿಯುವ ಸೈಕಲ್ ಆಗಬಹುದು, ಬೂಟು ಹಾಕಿಕೊಂಡೇ ತುಳೀಬೇಕು, ಮುಗಿದ ಮೇಲೆ ದಿನಾ ಪಾದ ನೋಡಬೇಕು ಅಂದರು ಡಾಕ್ಟರು. ಎದೆಯ ಪರೀಕ್ಷೆಯನ್ನೂ ಮಾಡಿಸಿದರು. ಮನೆಯಲ್ಲಿ ಸಕ್ಕರೆ ಇಳಿಸುವ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಇದ್ದರೆ ಯಂತ್ರ ತರೋ ಮುಂಚೆ ಡಾಕ್ಟರನ್ನು ಕೇಳಿ, ತುಳಿಯುವಾಗ ಗ್ಲೂಕೋಸು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಸಕ್ಕರೆ ದಿಢೀರ್ ಇಳಿಯೋದೂ ಅಪಾಯವೇ.

ಅಪ್ಪನಿಗೆ ಸಮಾಧಾನವಾಗಲಿ ಅಂತ ಒಂದು ಕಥೆ ಹೇಳಿದೆ. 1818ರ ಸುಮಾರಿಗೆ ವಿಲಿಯಂ ಕ್ಯೂಬಿಟ್ ಅನ್ನೋ ಇಂಜಿನಿಯರು ಇಂಗ್ಲೆಂಡಿನ ಜೈಲುಗಳಿಗೆ ಒಂದು ದೊಡ್ಡ ಚಕ್ರ ಮಾಡಿಕೊಟ್ಟ. ಕೈದಿಗಳು ಗಂಟೆಗಟ್ಟಲೆ ಅದರ ಮೆಟ್ಟಿಲು ತುಳೀಬೇಕಿತ್ತು. ಟ್ರೆಡ್‌ಮಿಲ್ ಅನ್ನೋ ಹೆಸರಿಗೆ ಹೆಸರು ಬಂದಿದ್ದೇ ಆಗ. "ಅಂದ್ರೆ ನೀನು ಒಂಬತ್ತು ಕಂತು ಕಟ್ಟಿ ನನ್ನ ಜೈಲಿಗೆ ಹಾಕ್ತಿದ್ದೆ" ಅಂದ.

ಸೈಕಲ್ಲಿನಲ್ಲೂ ಬಗೆಗಳಿವೆ. ಅಗ್ಗದವುಗಳಲ್ಲಿ ಚಕ್ರಕ್ಕೆ ಪಟ್ಟಿಯೋ ಫೆಲ್ಟಿನ ತುಂಡೋ ಉಜ್ಜಿ ಬಿಗಿ ಕೊಡುತ್ತೆ. ಅದು ಸವೆಯುತ್ತೆ, ಸದ್ದು ಮಾಡುತ್ತೆ. ಮ್ಯಾಗ್ನೆಟಿಕ್ ಅನ್ನೋದರಲ್ಲಿ ಅಯಸ್ಕಾಂತ ಚಕ್ರದ ಹತ್ತಿರ ಬರುತ್ತೆ, ಮುಟ್ಟಲ್ಲ. ತಿರುಗುವ ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್ತೇ ಚಕ್ರವನ್ನು ತಡೆಯುತ್ತೆ. ಉಜ್ಜೋದಿಲ್ಲ, ಹಾಗಾಗಿ ಸವೆತವೂ ಇಲ್ಲ, ಅಮ್ಮನ ಸೀರಿಯಲ್ಲಿಗೆ ತೊಂದರೆಯೂ ಇಲ್ಲ. ನಾವು ನೋಡಿದ ಮಾದರಿಗೆ ಪ್ಲಗ್ಗೇ ಬೇಡ, ಡಿಸ್ಪ್ಲೇಗೆ ಎರಡು ಪೆನ್ಸಿಲ್ ಸೆಲ್ ಸಾಕು. ಕರೆಂಟು ಹೋದರೂ ಓಡುತ್ತೆ. ಕೈಹಿಡಿಯೂ ಹಿಂದೆಮುಂದೆ ಆಡುವ ಏರ್ ಬೈಕು ಇನ್ನೂ ಅಗ್ಗಕ್ಕೆ ಸಿಗ್ತಿತ್ತು. ಆದರೆ ಅದರ ಫ್ಯಾನ್ ಚಕ್ರದ ಸದ್ದು ಕೇಳಿ ಅಮ್ಮ ಅಂಗಡಿಯಲ್ಲೇ ತಲೆ ಆಡಿಸಿದಳು.

ಆನ್‌ಲೈನಿನಲ್ಲಿ ಒಂದೆರಡು ಸಾವಿರ ಉಳಿಯುತ್ತಿತ್ತೇನೋ. ನಾವು ತುಮಕೂರಿನ ಅಂಗಡಿಗೇ ಹೋಗಿ, ಬೂಟು ಹಾಕಿಸಿ, ಹತ್ತಿಸಿ ನೋಡಿ ತಂದೆವು. ಕಾಲೆತ್ತಿ ದಾಟಬೇಕಾದ ನಡುಭಾಗ ತಗ್ಗಿದ್ದರೆ ವಯಸ್ಸಾದವರಿಗೆ ಸುಲಭ. ಪೆಡಲು ಕೆಳಗಿದ್ದಾಗ ಮಂಡಿ ಸ್ವಲ್ಪ ಬಗ್ಗಿರಬೇಕು, ಅಷ್ಟು ಎತ್ತರಕ್ಕೆ ಸೀಟು ಏರುತ್ತಾ ನೋಡಿ. ಸೀಟು ತೀರಾ ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತೆ. ಎಷ್ಟು ಕೆ.ಜಿ. ತಡೆಯುತ್ತೆ ಅಂತ ಬರೆದಿರ್ತಾರಲ್ಲ, ನಿಮ್ಮ ತೂಕಕ್ಕಿಂತ ಅದು ಇಪ್ಪತ್ತಾದರೂ ಹೆಚ್ಚಿರಲಿ. ಕ್ಯಾಲೊರಿ ಅಂಕಿಯನ್ನು ನಂಬಬೇಡಿ, ನಿಮ್ಮ ತೂಕ ಎಷ್ಟು ಅಂತ ಕೇಳದ ಯಂತ್ರಕ್ಕೆ ಏನು ಗೊತ್ತು? ಒರಗು ಕುರ್ಚಿ ಇದ್ದ ಮಾದರಿ ಅಪ್ಪನಿಗೆ ಇಷ್ಟವಾಯಿತು, ಬೆಲೆಯೂ ಜಾಗವೂ ನಮ್ಮ ಕೈ ಮೀರಿತು. ಕೊನೆಗೆ ತಂದದ್ದು 11,500ರ ಸಾದಾ ಮ್ಯಾಗ್ನೆಟಿಕ್ ಸೈಕಲ್. ಮಿಕ್ಕ ದುಡ್ಡಲ್ಲಿ ಅಗಲ ಮೂತಿಯ ಒಂದು ಜೊತೆ ಬೂಟು ಬಂತು. ಬೂಟನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಜೋಡಿಸಿದ್ದು ನಾವೇ. ಎಡಗಡೆ ಪೆಡಲು ಎಷ್ಟು ತಿರುಗಿಸಿದರೂ ಕೂರಲಿಲ್ಲ. ನಾನು ಸ್ಪ್ಯಾನರ್ ಹಾಕಿ ಬಲ ಬಿಡುವಷ್ಟರಲ್ಲಿ ಅಪ್ಪ ಕೈ ಹಿಡಿದ. "ತಡಿ, ಇದು ಉಲ್ಟಾ ಥ್ರೆಡ್ಡು. ಹಳೇ ಲಾರಿಗಳಲ್ಲಿ ಎಡಗಡೆ ವೀಲ್ ನಟ್ಟು ಹಿಂಗೇ ಇರ್ತಿದ್ವು." ಎಡ ಪೆಡಲನ್ನು ಎಡಕ್ಕೆ ತಿರುಗಿಸಿ ಬಿಗಿಮಾಡಬೇಕು. ಗೊತ್ತಿಲ್ಲದೆ ಬಲವಂತ ಮಾಡಿದರೆ ಕ್ರ್ಯಾಂಕಿನ ಮರೆ ಹಾಳಾಗಿ ಹೊಸ ಸೈಕಲ್ ಮೊದಲ ದಿನವೇ ಮೂಲೆ ಸೇರುತ್ತೆ.

ಇದನ್ನೆಲ್ಲ ಓದ್ತಾ ನಿಮಗೂ ಒಂದು ಸೈಕಲ್ ಬುಕ್ ಮಾಡಬೇಕು ಅನ್ನಿಸಿದ್ದರೆ ಸ್ವಲ್ಪ ತಡೀರಿ. ಮೂವತ್ತರೊಳಗಿದ್ದು ಕಾಲು ಗಟ್ಟಿ ಇರೋ ನಮ್ಮಂಥವರಿಗೆ ಯಂತ್ರ ಬೇಕೇ ಬೇಕು ಅಂತೇನಿಲ್ಲ. ಗರಡಿ ಮನೆಯಲ್ಲಿ ಬಸ್ಕಿ ಹೊಡೆದವರಿಗೆ ಕೆಂಪು ಮಣ್ಣು, ಗದೆ ಸಾಕಾಗಿತ್ತು. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಲ್ಲಿ ವ್ಯಾಯಾಮ ಶಾಲೆ ನಡೆಸ್ತಿದ್ದವರು. ಅವರು ಅಂಚೆಯಲ್ಲೇ ಪಾಠ ಕಳಿಸಿ ಮನೆಯಲ್ಲಿ ಕೂತವರಿಗೆ ವ್ಯಾಯಾಮ ಹೇಳಿಕೊಡ್ತಿದ್ದರು, ಯೂಟ್ಯೂಬ್ ಹುಟ್ಟೋದಕ್ಕೆ ಎಷ್ಟೋ ದಶಕ ಮೊದಲು. ನಾನು ಸ್ಕಿಪ್ಪಿಂಗ್ ಹಗ್ಗ, ಒಂದು ಜೊತೆ ಡಂಬಲ್ಸ್ ಇಟ್ಟುಕೊಂಡಿದ್ದೀನಿ. ವಾರಕ್ಕೆ ಮೂರು ದಿನ ಬೆಂಗಳೂರಿಗೆ ಓಡಾಟ, ಆ ದಿನ ಹಗ್ಗವನ್ನು ಮುಟ್ಟೋದೂ ಇಲ್ಲ, ನಿಜ ಹೇಳಬೇಕಲ್ಲ. ಯಂತ್ರ ಬೇಕೇ ಬೇಕು ಅಂತಿದ್ದರೆ ಅದನ್ನಿಡುವ ಜಾಗದಲ್ಲಿ ಮೊದಲು ಒಂದು ಕುರ್ಚಿ ಇಟ್ಟು, ಇಪ್ಪತ್ತು ದಿನ ಅದೇ ಹೊತ್ತಿಗೆ ಅದರ ಮುಂದೆ ಕೂತು ಏಳೋ ವ್ಯಾಯಾಮ ಮಾಡಿ ನೋಡಿ. ಕುರ್ಚಿ ಮೇಲೆ ಬಟ್ಟೆ ಬಿದ್ದರೆ ಸೈಕಲ್ ಮೇಲೂ ಬೀಳುತ್ತೆ.

ಅಪ್ಪ ಮೊದಲ ವಾರ ದಿನಕ್ಕೆ ಐದು ನಿಮಿಷ ತುಳಿದ. ಈಗ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ಇಪ್ಪತ್ತು ನಿಮಿಷ, ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟು ಬಿರುಸು. ಪಂಚೆ ಪೆಡಲಿಗೆ ಸಿಕ್ಕಿಕೊಂಡ ದಿನದಿಂದ ನನ್ನ ತಮ್ಮನ ಹಳೇ ಟ್ರ್ಯಾಕ್ ಪ್ಯಾಂಟು ಹಾಕ್ತಾನೆ. ಮುಗಿದ ಮೇಲೆ ಅಮ್ಮ ಟಾರ್ಚು ಹಿಡಿದು ಅವನ ಪಾದ ನೋಡ್ತಾಳೆ, ಬೆರಳಿನ ಸಂದಿಯನ್ನೂ ಬಿಡದೆ. ಮೂರು ತಿಂಗಳಿಗೆ ಎಚ್‌ಬಿಎ1ಸಿ 7.8 ಆಗಿದೆ. ಮಾತ್ರೆಯನ್ನೂ ಬದಲಿಸಿದ್ದರಿಂದ ಎಲ್ಲ ಸೈಕಲ್ಲಿನ ಪುಣ್ಯ ಅಂತ ಹೇಳೋಕಾಗಲ್ಲ. ಜೋಮು ಹೋಗಿಲ್ಲ.

ಕ್ಯಾಲೆಂಡರಿನ ಹಿಂದೆ ಅವನದೊಂದು ಲಾಗ್ ಶೀಟಿದೆ. ಡಿಸ್ಪ್ಲೇಯ ಕಿಲೋಮೀಟರನ್ನು ದಿನಾ ಕೂಡಿಸಿ ಬರೀತಾನೆ. ಹಿರೇಹಳ್ಳಿಯಿಂದ ಹೊರಟು ಕ್ಯಾತ್ಸಂದ್ರ, ತುಮಕೂರು, ಗುಬ್ಬಿ, ನಿಟ್ಟೂರು, ತಿಪಟೂರು, ಅರಸೀಕೆರೆ. ಮೊನ್ನೆ ಬೀರೂರು ದಾಟಿದ.

"ತರೀಕೆರೇಲಿ ಟೀಗೆ ನಿಲ್ಲಿಸ್ತೀನಿ, ಸಕ್ಕರೆ ಹಾಕ್ಸಲ್ಲ ಬಿಡು" ಅಂದ.