‘ಇರಬಹುದು’ ಎಂದರೆ ಸಾಲದು

ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಇರುವೆಯಂಥ ಅಕ್ಷರಗಳ ಒಂದು ಸಾಲಿರುತ್ತದೆ: ‘ಶೇಂಗಾ, ಹಾಲು, ಸೋಯಾ ಇರಬಹುದು.’ ನೋಡಲು ಎಚ್ಚರಿಕೆ, ನಿಜದಲ್ಲಿ ಜಾರಿಕೆಯ ಮಾತು. ಅಲರ್ಜಿ ಇರುವ ಮಗುವಿನ ತಾಯಿಗೆ ಬೇಕಾದದ್ದು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂಬ ಉತ್ತರ. ‘ಇರಬಹುದು’ ಎಂದವರು ಆ ಪ್ರಶ್ನೆಯನ್ನು ಅವಳ ಮಡಿಲಿಗೇ ಹಾಕಿ ಕೈತೊಳೆದುಕೊಂಡಿರುತ್ತಾರೆ.

ಅಳೆಯಲು ಬಾರದ ಕಾಲದಲ್ಲಿ ಈ ಮಾತಿಗೆ ಕ್ಷಮೆಯಿತ್ತು. ಆ ಕಾಲ ಮುಗಿದು ದಶಕಗಳಾದವು. 1971ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಇವಾ ಎಂಗ್‌ವಾಲ್ ಮತ್ತು ಪೀಟರ್ ಪರ್ಲ್‌ಮನ್ ಎಲೈಸಾ ಎಂಬ ಪರೀಕ್ಷೆಯನ್ನು ರೂಪಿಸಿದರು. ಒಂದೇ ಪ್ರೋಟೀನನ್ನು ಗುರುತು ಹಿಡಿಯುವ ಪ್ರತಿಕಾಯವನ್ನು ಪ್ಲಾಸ್ಟಿಕ್ ತಟ್ಟೆಯ ಗುಳಿಗಳಿಗೆ ಅಂಟಿಸಿ ಆಹಾರದ ಸಾರ ಸುರಿದರೆ, ಆ ಪ್ರೋಟೀನು ಅಲ್ಲೇ ಸಿಕ್ಕಿಬೀಳುತ್ತದೆ. ಕಿಣ್ವ ಕಟ್ಟಿದ ಇನ್ನೊಂದು ಪ್ರತಿಕಾಯ ಅದರ ಮೇಲೆ ಕೂತು ಬಣ್ಣ ಹುಟ್ಟಿಸುತ್ತದೆ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ವಿಜ್ಞಾನಿ ಸೂ ಹೆಫ್ಲಿ, 1990ರ ದಶಕದಲ್ಲಿ ಈ ವಿಧಾನವನ್ನು ಶೇಂಗಾ ಪತ್ತೆಗೆ ಒಗ್ಗಿಸಿದವರಲ್ಲಿ ಒಬ್ಬರು. ಇಂದು ಒಂದು ಕಿಲೋ ತಿನಿಸಿನಲ್ಲಿ ಕೆಲವೇ ಮಿಲಿಗ್ರಾಂ ಶೇಂಗಾ ಇದ್ದರೂ ತಿಳಿಯುತ್ತದೆ.

ಅದೇ ಹೆಫ್ಲಿ ಮತ್ತು ಸಂಗಡಿಗರ 2007ರ ಅಧ್ಯಯನ ‘ಇರಬಹುದು’ ಎಂಬ ಮಾತಿನ ಬಂಡವಾಳವನ್ನು ಬಯಲಿಗಿಟ್ಟಿತು. ಶೇಂಗಾ ಎಚ್ಚರಿಕೆ ಹೊತ್ತ 179 ತಿನಿಸುಗಳನ್ನು ಪರೀಕ್ಷಿಸಿದಾಗ ಶೇಂಗಾ ಸಿಕ್ಕಿದ್ದು ನೂರಕ್ಕೆ ಹತ್ತರಷ್ಟರಲ್ಲಿ. ಉಳಿದವು ಸುಮ್ಮನೆ ಹೆದರಿಸಿದ್ದವು. ಇಂಥ ತಿನಿಸು ಕೊಳ್ಳುವುದಿಲ್ಲ ಎಂದ ಅಲರ್ಜಿ ಕುಟುಂಬಗಳು 2003ರಲ್ಲಿ ಶೇ. 85 ಇದ್ದದ್ದು 2006ಕ್ಕೆ ಶೇ. 75ಕ್ಕೆ ಇಳಿಯಿತು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆಯೇ ಇದು. ಆದರೆ ಹತ್ತರಲ್ಲಿ ಒಂದು ಪೊಟ್ಟಣದಲ್ಲಿ ತೋಳ ನಿಜವಾಗಿಯೂ ಇತ್ತು.

ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಮೊದಲಾದವನ್ನು ಘೋಷಿಸಬೇಕೆನ್ನುತ್ತವೆ. ಆಕಸ್ಮಿಕ ಬೆರಕೆಗೆ ‘ಇರಬಹುದು’ ಎಂಬ ಒಕ್ಕಣೆಯನ್ನೂ ಒದಗಿಸುತ್ತವೆ. ಎಷ್ಟು ಬೆರೆತರೆ ಹಾಗೆ ಬರೆಯಬೇಕೆಂಬ ಮಿತಿ ಮಾತ್ರ ಇಲ್ಲ. ನಮ್ಮ ಕಾನೂನಿಗೆ ಅಳತೆ ಗೊತ್ತಿಲ್ಲವೇ? ಗೊತ್ತಿದೆ. ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಿದರೆ ‘ಗ್ಲುಟೆನ್ ಮುಕ್ತ’ ಎನ್ನುವಂತಿಲ್ಲ. ಸಲ್ಫೈಟ್ 10 ಮಿಲಿಗ್ರಾಂ ಮುಟ್ಟಿದರೆ ಹೇಳಲೇಬೇಕು. ಹಾಲಿಗೆ, ಶೇಂಗಾಕ್ಕೆ ಏಕಿಲ್ಲ?

ಅಲರ್ಜಿ ಪಶ್ಚಿಮದವರ ಕಾಯಿಲೆ ಎಂಬುದು ಸಿದ್ಧ ಉತ್ತರ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನ ಶೇ. 1.2 ಜನರಲ್ಲಿ ಆಹಾರದ ಅಲರ್ಜಿ ಇರುವ ಸಂಭವವನ್ನು ಗುರುತಿಸಿತು. ಮುಖ್ಯ ಕಾರಣ ಹಾಲು ಮತ್ತು ಸೇಬು. ಹತ್ತು ಲಕ್ಷ ವಯಸ್ಕರಿಗೆ ಅದು ಹನ್ನೆರಡು ಸಾವಿರ ಜನ. ಇದು ಕಡೆಗಣಿಸುವ ಸಂಖ್ಯೆಯಲ್ಲ.

ಖರ್ಚಿನ ಮಾತು ಪೂರ್ತಿ ಸುಳ್ಳಲ್ಲ. ಒಂದೇ ಕಡಾಯಿಯಲ್ಲಿ ಶೇಂಗಾ ಚಿಕ್ಕಿ, ಗೋಡಂಬಿ ಚಿಕ್ಕಿ ಎರಡನ್ನೂ ಮಾಡುವ ಸಣ್ಣ ಅಂಗಡಿಯವನ ಮೇಲೆ ನಾಳೆಯೇ ಈ ಹೊರೆ ಹೊರಿಸಲಾಗದು. ಆದರೆ ಸ್ವಂತ ಪ್ರಯೋಗಾಲಯ ಇಟ್ಟುಕೊಂಡು ತೇವಾಂಶವನ್ನೂ ಸೂಕ್ಷ್ಮಜೀವಿಯನ್ನೂ ನೋಡುವ ದೊಡ್ಡ ಕಂಪನಿಗೆ ಈ ನೆಪ ಒಪ್ಪುವುದಿಲ್ಲ. ಬೇಯಿಸಿದಾಗ, ಹುದುಗಿಸಿದಾಗ ಪ್ರೋಟೀನಿನ ರೂಪ ಬದಲಾಗಿ ಎಲೈಸಾ ಕಡಿಮೆ ತೋರಿಸಬಹುದು, ನಿಜ. ಅದು ಪರೀಕ್ಷೆಯನ್ನು ಜಾಗ್ರತೆಯಿಂದ ಮಾಡಲು ಕಾರಣ, ಬಿಟ್ಟುಬಿಡಲು ಅಲ್ಲ.

ದಾರಿಯೂ ಸಿದ್ಧವಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಶೇಂಗಾ, ಹಾಲು, ಮೊಟ್ಟೆಗೆ ಒಂದು ಸಲದ ಸೇವನೆಗೆ 2 ಮಿಲಿಗ್ರಾಂ ಪ್ರೋಟೀನು ಎಂಬ ಮಿತಿಯನ್ನು ಸೂಚಿಸಿದೆ. ಅದು ಮೀರುವಂತಿದ್ದರೆ ಎಚ್ಚರಿಕೆ, ಇಲ್ಲದಿದ್ದರೆ ಬೇಡ. ಪ್ರಾಧಿಕಾರ ಇದನ್ನು ದೊಡ್ಡ ತಯಾರಕರಿಂದಲೇ ಶುರುಮಾಡಲಿ. ಅಳೆಯದೆ ‘ಇರಬಹುದು’ ಎಂದು ಬರೆಯುವ ಅವಕಾಶವನ್ನು ಅವರಿಂದ ಹಿಂದಕ್ಕೆ ಪಡೆಯಲಿ.